ಶಿವಮೊಗ್ಗದಲ್ಲಿ ಕೆಮ್ಮಲ್ಲ

"ಗಾಡೀಲಿ ಏನೂ ಇಲ್ಲ ಸಾರ್" ಅಂತ ಆ ಹುಡುಗ ಮೂರನೇ ಸಲ ಹೇಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಹೊಟ್ಟೆನೋವು ಅಂತ ಸ್ಕೂಲು ತಪ್ಪಿಸಿ ಗೋಲಿ ಆಡುವಾಗ ಸಿಕ್ಕಿಬಿದ್ದವನ ನಾಚಿಕೆ. ಅವನು ಸರ್ವಿಸ್ ಅಡ್ವೈಸರ್. ನನ್ನ ಮಗನಿಗಿಂತ ಚಿಕ್ಕವನು. ಕೊರಳಲ್ಲಿ ಟ್ಯಾಗು, ಕೈಯಲ್ಲಿ ಟ್ಯಾಬು, ಮುಖದಲ್ಲಿ ಒಂದು ಥರದ ಕನಿಕರ.

ವಿಷಯ ಇಷ್ಟೇ. ತೀರ್ಥಹಳ್ಳಿಯ ಮನೆಯಲ್ಲಿ ಬೆಳಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿದರೆ ನಮ್ಮ ಕಾರು ಮಿಸ್ಸಿಂಗ್ ಹೊಡೆಯುತ್ತೆ. ದಿನಾ ಅಲ್ಲ. ಜಡಿಮಳೆ ಹಿಡಿದಾಗ ಜಾಸ್ತಿ. ಸ್ಟೀರಿಂಗ್ ಹಿಡಿದ ಕೈ ನಡುಗುತ್ತೆ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡವರ ಹಾಗೆ ನಾಲ್ಕು ಸಲ ಕೆಮ್ಮುತ್ತೆ, ಗೇಟು ದಾಟುವುದರೊಳಗೆ ಒಮ್ಮೊಮ್ಮೆ ನಿಂತೇಹೋಗುತ್ತೆ. ಹತ್ತು ನಿಮಿಷ ಓಡಿ ಬಿಸಿಯಾಯಿತೋ, ಎಂಥದ್ದೂ ಇಲ್ಲ. ಶಿವಮೊಗ್ಗ ನಮಗೆ 60 ಚಿಲ್ಲರೆ ಕಿಲೋಮೀಟರ್. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ ಕೂತಿರುತ್ತವಲ್ಲ, ಅಲ್ಲಿಗೆ ಬರುವಾಗ ಎಂಜಿನ್ ಸದ್ದೇ ಕೇಳಿಸಲ್ಲ. ಸಕ್ರೆಬೈಲು ದಾಟಿದ ಮೇಲೆ ನನಗೇ ಅನುಮಾನ ಶುರುವಾಗುತ್ತೆ, ಬೆಳಗ್ಗೆ ಕೇಳಿದ್ದು ಮಳೆ ಸದ್ದೇ ಇರಬಹುದಾ ಅಂತ.

ಒಂದೇ ಒಂದು ಸಲ ಮೀಟರಿನಲ್ಲಿ ಹಳದಿ ದೀಪ ಹತ್ತಿತ್ತು. ಆಗ ನೆಟ್ಟಗೆ ಶಿವಮೊಗ್ಗಕ್ಕೆ ಓಡಿಸಬೇಕಿತ್ತು. ನಾನು ಊರಿನ ಗ್ಯಾರೇಜಿನವನಿಗೆ ತೋರಿಸಿದೆ. ಅವನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ತನ್ನ ಸ್ಕ್ಯಾನರ್ ಸಿಕ್ಕಿಸಿ, "ಪಿ0301 ಬಂದಿದೆ ಸಾರ್, ಒಂದನೇ ಸಿಲಿಂಡರ್ ಮಿಸ್‌ಫೈರು. ಕಾಯಿಲ್ ಇರಬಹುದು. ಏನೂ ಹೆದರಬೇಡಿ, ನಾನು ಕ್ಲಿಯರ್ ಮಾಡಿದೀನಿ" ಅಂದ. ಕ್ಲಿಯರ್! ನನ್ನ ಹತ್ತಿರ ಇದ್ದ ಒಂದೇ ಒಂದು ಸಾಕ್ಷಿಯನ್ನು ಒರೆಸಿ, ದುಡ್ಡೂ ತೆಗೆದುಕೊಳ್ಳದೆ ಕಳಿಸಿದ ಪುಣ್ಯಾತ್ಮ. ದೀಪ ಮತ್ತೆ ಹತ್ತಲಿಲ್ಲ. ಈ ಕಥೆಯನ್ನು ಶಿವಮೊಗ್ಗದಲ್ಲಿ ಹೇಳಿದರೆ ಹುಡುಗ ಗಂಭೀರನಾದ. "ಹೊರಗಡೆ ತೋರಿಸಿದ್ರಾ ಸಾರ್? ವಾರಂಟೀಲಿ ಇರೋ ಗಾಡಿ ಹಂಗೆಲ್ಲ ತೋರಿಸಬಾರದು."

ಸದ್ದು ಹೇಗೆ ಬರುತ್ತೆ ಅಂತ ಕೇಳಿದ. ಮಾಡಿ ತೋರಿಸಿದೆ. ಎಸಿ ಹಾಕಿದ ಹಾಲಿನಲ್ಲಿ, ಹತ್ತು ಜನ ಕಾಫಿ ಕುಡಿಯುತ್ತ ಕೂತಿರುವಾಗ, 58 ವರ್ಷದ ನಾನು "ಡುರ್ರ್... ಡಕ್... ಡಕ್... ಡುರ್ರ್" ಅಂತ ಭುಜ ಕುಣಿಸಿದೆ. ಅವನು ಟ್ಯಾಬಿನಲ್ಲಿ "ನಾಯ್ಸ್" ಅಂತ ಒಂದೇ ಪದ ಬರೆದ.

ಆಗ ಅಪ್ಪಯ್ಯ ನೆನಪಾದರು.

1978ರಲ್ಲೋ 79ರಲ್ಲೋ, ಸೊಸೈಟಿ ಸಾಲದಲ್ಲಿ ನಮ್ಮನೆಗೆ ಒಂದು ಜರ್ಸಿ ಮಿಶ್ರ ಹಸು ಬಂತು. ಕೆಂಪಿ ಅಂತ ಹೆಸರು. ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿ ಇದ್ದದ್ದೆಲ್ಲ ಮಲೆನಾಡು ಗಿಡ್ಡ. ಅವು ಕಾಡಿಗೆ ಹೋಗಿ ಮೇಯ್ದು ತಾವೇ ಬರುತ್ತಿದ್ದವು, ಅರ್ಧ ಸೇರು ಹಾಲು ಕೊಟ್ಟರೆ ಹೆಚ್ಚು. ಅವಕ್ಕೆ ಕಾಯಿಲೆ ಬಂದರೂ ನಮಗೆ ಗೊತ್ತಾಗುವ ಮೊದಲೇ ವಾಸಿಯಾಗುತ್ತಿತ್ತು. ಕೆಂಪಿ ಹಾಗಲ್ಲ, ಸಾಲದ ಹಸು. ಅವಳು ಸೀನಿದರೆ ಅಪ್ಪಯ್ಯ ಕಂತಿನ ಲೆಕ್ಕ ಹಾಕುತ್ತಿದ್ದರು. ಅಂಥ ಕೆಂಪಿ ಒಂದು ಚಳಿಗಾಲದ ಬೆಳಗ್ಗೆ ಏಳುವಾಗ ಬಲಗಡೆ ಹಿಂಗಾಲನ್ನು ಕೋಲಿನ ಹಾಗೆ ಹಿಂದಕ್ಕೆ ಸೆಟೆದು, ಗೊರಸು ನೆಲಕ್ಕೆ ಎಳೆದುಕೊಂಡು, ಆಮೇಲೆ ಒಂದು ಜರ್ಕು ಹೊಡೆದು ಕಾಲು ಮಡಚಿದಳು. ಎರಡು ಹೆಜ್ಜೆ, ಮತ್ತೆ ಸೆಟೆತ.

ದನದ ಆಸ್ಪತ್ರೆ ಆರು ಕಿಲೋಮೀಟರ್. ನಡೆಸಿಕೊಂಡೇ ಹೋಗಬೇಕು. ಮುಂದೆ ಹಗ್ಗ ಹಿಡಿದು ಅಪ್ಪಯ್ಯ, ಹಿಂದೆ ಕೋಲು ಹಿಡಿದು ನಾನು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕೆಂಪಿ ಮದುವೆ ಹೆಣ್ಣಿನ ಹಾಗೆ ನಡೆಯತೊಡಗಿದಳು. ಅಪ್ಪಯ್ಯ ತಿರುಗಿ ತಿರುಗಿ ನೋಡುತ್ತಿದ್ದರು, ಮುಖ ಸಪ್ಪಗಾಗುತ್ತಿತ್ತು. ಡಾಕ್ಟ್ರು ಅವಳನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿ, "ಏನ್ ಗೌಡ್ರೇ, ಆರು ಕಿಲೋಮೀಟರ್ ನಡೆದು ಬಂದ ಹಸು ಕುಂಟುತ್ತೆ ಅಂತ ಹೇಳೋಕೆ ಬಂದಿದೀರಾ?" ಅಂದರು. ಇದಕ್ಕೆ ಎದುರು ಹೇಳಲು ಏನಿದೆ? ವಾಪಸ್ಸು ಆರು ಕಿಲೋಮೀಟರ್. ಮರುದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ ಕೆಂಪಿ ಮತ್ತೆ ಕುಂಟಿದಳು. ಅಕ್ಕಚ್ಚಿನ ಬಾನಿ ಹಿಡಿದು ನಿಂತಿದ್ದ ಅವ್ವ, "ನಿಮ್ಮ ಕಣ್ಣಿಗೆ ಮಾತ್ರ ಕುಂಟ್ತಾಳೆ" ಅಂದಳು. ಅವ್ವನ ಕಣ್ಣಿಗೂ ಕಂಡಿತ್ತು. ಸುಮ್ನೆ ಅಂದದ್ದು.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಅಪ್ಪಯ್ಯ ಹಸುವನ್ನು ಮನೆಯಲ್ಲೇ ಬಿಟ್ಟು ಹೋದರು. ಡಾಕ್ಟ್ರು "ಹಸು ಎಲ್ಲಿ?" ಅಂದರೆ, ಪಂಚೆ ಎತ್ತಿ ಕಟ್ಟಿ, ಆಸ್ಪತ್ರೆ ಜಗಲಿಯ ಮೇಲೆ ತಾವೇ ನಡೆದು ತೋರಿಸಿದರು. ಕಾಲು ಹಿಂದಕ್ಕೆ ಸೆಟೆದು, ಹೆಬ್ಬೆರಳು ನೆಲಕ್ಕೆ ಉಜ್ಜಿಕೊಂಡು, ಕೊನೆಯಲ್ಲಿ ಆ ಜರ್ಕು. ಎಮ್ಮೆ ಹೊಡೆದುಕೊಂಡು ಬಂದವರು, ಕೋಳಿ ಬುಟ್ಟಿ ಹಿಡಿದವರು, ಎಲ್ಲ ನಿಂತು ನೋಡಿದರು. ಯಾರೂ ನಗಲಿಲ್ಲವಂತೆ, ಅಪ್ಪಯ್ಯ ಅಷ್ಟು ಚೆನ್ನಾಗಿ ಕುಂಟಿದ್ದರು. ಡಾಕ್ಟ್ರು ಕುರ್ಚಿಯಿಂದ ಎದ್ದರು. "ಇನ್ನೊಂದ್ಸಲ ಮಾಡಿ ಗೌಡ್ರೇ." ಮಾಡಿದರು. "ಮಂಡಿಚಿಪ್ಪು ಮೇಲಕ್ಕೆ ಸಿಕ್ಕಿಕೊಳ್ತಿದೆ. ಚಳೀಲಿ, ಮಲಗಿ ಎದ್ದಾಗ ಜಾಸ್ತಿ. ನಡೆದು ಮೈ ಬಿಸಿಯಾದರೆ ಬಿಟ್ಟುಕೊಳ್ಳುತ್ತೆ. ನಾಳೆ ಬೆಳಗ್ಗೆ ನಾನೇ ಬರ್ತೀನಿ."

ಬಂದರು. ಮಂಜು ಕರಗುವ ಮೊದಲೇ ಬಂದರು. ಜಾಗ ಮರಗಟ್ಟಿಸಿ, ಮಂಡಿ ಹತ್ತಿರ ಸಣ್ಣ ಗಾಯ ಮಾಡಿ, ಒಳಗಿನ ಒಂದು ನರದಂಥದ್ದನ್ನು ಕತ್ತರಿಸಿದರು. ಎರಡು ನಿಮಿಷದ ಕೆಲಸ. ಕೆಂಪಿ ಎದ್ದು ನೆಟ್ಟಗೆ ನಡೆದಳು. ಅಪ್ಪಯ್ಯನಿಗೆ ಹಸು ನಡೆದದ್ದಕ್ಕಿಂತ ಅದಕ್ಕೂ ಮೊದಲು, ಡಾಕ್ಟ್ರ ಕಣ್ಣೆದುರು, ಅವಳು ಚೆನ್ನಾಗಿ ಕುಂಟಿದ್ದೇ ಖುಷಿ. ಎಷ್ಟೋ ವರ್ಷ ಅದನ್ನೇ ಹೇಳುತ್ತಿದ್ದರು.

ಹಾಗಾಗಿ ನಾಲ್ಕನೇ ಸಲ ನಾನು ಕಾರನ್ನು ಶಿವಮೊಗ್ಗದಲ್ಲೇ ಬಿಟ್ಟೆ. ರಾತ್ರಿಯೆಲ್ಲ ತಣ್ಣಗೆ ನಿಲ್ಲಲಿ, ಬೆಳಗ್ಗೆ ನಿಮ್ಮ ಟೆಕ್ನೀಷಿಯನ್ನೇ ಮೊದಲು ಸ್ಟಾರ್ಟ್ ಮಾಡಲಿ, ಬೇರೆ ಯಾರೂ ಮುಟ್ಟಬಾರದು ಅಂತ ಜಾಬ್ ಕಾರ್ಡಿನಲ್ಲಿ ಬರೆಸಿದೆ. ವಾರಂಟಿ ಮುಗಿಯಲು 47 ದಿನ ಇತ್ತು. ಬಸ್ಸಿನಲ್ಲಿ ನಿಂತುಕೊಂಡು ಬಂದೆ. ಮರುದಿನ ಹನ್ನೊಂದಕ್ಕೆ ಫೋನು. "ಏನೂ ಬರ್ಲಿಲ್ಲ ಸಾರ್." ಎಷ್ಟು ಹೊತ್ತಿಗೆ ಸ್ಟಾರ್ಟ್ ಮಾಡಿದಿರಿ ಅಂದೆ. ಹತ್ತೂವರೆಗಂತೆ. ಕೆದಕಿದರೆ ಗೊತ್ತಾಯಿತು, ಎಂಟು ಗಂಟೆಗೇ ವಾಟರ್ ಸರ್ವಿಸ್ ಹುಡುಗ ಕಾರನ್ನು ಶೆಡ್ಡಿನಿಂದ ತೆಗೆದು, ತೊಳೆದು, ಬಿಸಿಲಿಗೆ ನಿಲ್ಲಿಸಿದ್ದ. ಇಲ್ಲದ ಕಾಯಿಲೆಗೆ ಬಂದ ಕಾರಿಗೆ ಎಸಿ ಕ್ಲೀನಿಂಗ್ ಬೇರೆ ಮಾಡಿದ್ದರು, 1,450 ರೂಪಾಯಿ. ಅದು ವಾರಂಟಿಗೆ ಬರಲ್ಲವಂತೆ. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲ್ಲ.

ಇನ್ನೊಂದು ರಾತ್ರಿ ಬಿಟ್ಟೆ. ಈ ಸಲ ಬರುವಾಗ ಗೇಟಿನ ವಾಚ್‌ಮನ್‌ಗೆ ನನ್ನ ನಂಬರು, ಇನ್ನೂರು ರೂಪಾಯಿ ಎರಡೂ ಕೊಟ್ಟಿದ್ದೆ. ಅವರು ನನ್ನ ವಯಸ್ಸಿನವರೇ, ಹೊಸನಗರ ಕಡೆಯವರು. ಬೆಳಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು. ಹಿಂದೆ ಮಳೆ ಸದ್ದು.

"ಸ್ವಾಮೀ, ತೊಳೆಯೋ ಹುಡುಗ ಈಗ ಸ್ಟಾರ್ಟ್ ಮಾಡ್ದ. ಕೇಳಿ." ಫೋನನ್ನು ಕಾರಿನ ಕಡೆ ಹಿಡಿದರು ಅಂತ ಕಾಣುತ್ತೆ. ಡುರ್ರ್... ಡಕ್... ಡಕ್. "ಕೆಮ್ಮಿ ನಿಂತೇಹೋಯ್ತು ನೋಡಿ!"

ಹಾಸಿಗೆ ಮೇಲೆ ಎದ್ದು ಕೂತೆ. "ನಾನು ಹೇಳಿರಲಿಲ್ವಾ" ಅಂತ ಹೆಂಡತಿಯನ್ನು ಎಬ್ಬಿಸಿದೆ. ಅವಳು ಆ ಕಡೆ ತಿರುಗಿ ಮಲಗಿದಳು. ಒಂಬತ್ತೂವರೆಗೆ ಅಡ್ವೈಸರ್‌ಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ, ಅದಕ್ಕೆ ಮೆಚ್ಚಬೇಕು.

"ಸರಿ ಸಾರ್" ಅಂದ. "ಆದರೆ ವಾಚ್‌ಮನ್ ಹೇಳಿದ್ದನ್ನ ಸಿಸ್ಟಮ್ಮಲ್ಲಿ ಹಾಕೋಕೆ ಆಪ್ಷನ್ ಇಲ್ಲ."