ಟಿಡಿಎಸ್ ಎಷ್ಟು ಬಂತು ಸಾರ್?

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಬಂದವರು ಮೊದಲೆಲ್ಲ ವಾಸ್ತು ನೋಡುತ್ತಿದ್ದರು. ಆಮೇಲೆ ಪಾರ್ಕಿಂಗ್ ನೋಡತೊಡಗಿದರು. ಈಗ ನೇರವಾಗಿ ಅಡುಗೆಮನೆಗೆ ನುಗ್ಗಿ, ನಲ್ಲಿ ತಿರುಗಿಸಿ, ಲೋಟಕ್ಕೆ ನೀರು ಹಿಡಿದು, ಜೇಬಿನಿಂದ ಒಂದು ಪೆನ್ನು ತೆಗೆದು ಅದ್ದುತ್ತಾರೆ. ಪೆನ್ನಿನ ತಲೆಯಲ್ಲಿ ಅಂಕಿ ಮೂಡುತ್ತದೆ. 180 ಬಂದರೆ ಮುಖ ಅರಳುತ್ತದೆ. 640 ಬಂದರೆ ಅಡ್ವಾನ್ಸ್ ಚೌಕಾಸಿ ಶುರು. 1,200 ಬಂತೋ, ‘ಮನೇಲಿ ಕೇಳಿ ಹೇಳ್ತೀವಿ’ ಅಂತ ಚಪ್ಪಲಿ ಹುಡುಕುತ್ತಾರೆ.

ಪೆನ್ನಿನ ಹೆಸರು ಟಿಡಿಎಸ್ ಮೀಟರು. ಟಿಡಿಎಸ್ ಅಂದರೆ ‘ಟೋಟಲ್ ಡಿಸಾಲ್ವ್ಡ್ ಸಾಲಿಡ್ಸ್’, ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ಅಂದಾಜು ಮಾಡುವುದು ಅದಕ್ಕೆ ಗೊತ್ತಿರುವ ಒಂದೇ ವಿದ್ಯೆ. ಅದನ್ನೂ ನೆಟ್ಟಗೆ ಅಳೆಯುವುದಿಲ್ಲ. ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಲೆಕ್ಕ ಹಾಕಿ ಹೇಳುತ್ತದೆ. ಕಾಲರಾ, ಟೈಫಾಯ್ಡ್, ಕಾಮಾಲೆ ತರುವ ಕ್ರಿಮಿಗಳು ಈ ಕರೆಂಟಿನ ಉಸಾಬರಿಗೆ ಹೋಗುವುದಿಲ್ಲವಾದ್ದರಿಂದ ಪೆನ್ನಿಗೆ ಅವು ಕಾಣುವುದೇ ಇಲ್ಲ. ಒಂದು ಬಕೆಟ್ ಕಾವೇರಿ ನೀರಿಗೆ ಒಂದು ಲೋಟ ಮೋರಿ ನೀರು ಸುರಿದು ಅದ್ದಿ ನೋಡಿ: ಅಂಕಿ ಒಂದಿಷ್ಟು ಅಲುಗಾಡಬಹುದು, ಅಷ್ಟೆ. (ನೋಡಿದ ಮೇಲೆ ಬಕೆಟ್ ತೊಳೆಯಿರಿ.) ಅದೇ ಪೆನ್ನನ್ನು ಎಳನೀರಿಗೆ ಅದ್ದಿದರೆ ಸಾವಿರಗಟ್ಟಲೆ ತೋರಿಸುತ್ತದೆ. ಅಂದರೆ ಮದ್ದೂರಿನ ಎಳನೀರು ಫೇಲು. ಮನೆಯ ತಿಳಿಸಾರು ಫೇಲು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ ಫಸ್ಟ್ ರ‍್ಯಾಂಕು.

ಇಂಥ ಪೆನ್ನಿನ ಮುಂದೆ ಕೈಕಟ್ಟಿ ನಿಲ್ಲುವ ನೀರಿನ ಪೂರ್ವಾಪರ ಕೇಳಿದರೆ ಅಯ್ಯೋ ಅನ್ನಿಸುತ್ತದೆ. ಊರೊಳಗಿನ ಕೆರೆಗಳನ್ನು ನಾವು ಆಗಲೇ ಸದುಪಯೋಗ ಮಾಡಿಕೊಂಡಾಗಿದೆ: ಧರ್ಮಾಂಬುಧಿಯಲ್ಲಿ ಬಸ್ಸುಗಳು ನಿಲ್ಲುತ್ತವೆ, ಸಂಪಂಗಿ ಕೆರೆಯಲ್ಲಿ ಓಟದ ಸ್ಪರ್ಧೆ ನಡೆಯುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ತಂದೆವು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. ಆ ಎರಡನ್ನೂ ತುಂಬಿಸುತ್ತಿದ್ದ ಅರ್ಕಾವತಿ ನದಿ ಸುಸ್ತಾದ ಮೇಲೆ, 1974ರಿಂದ ಕಾವೇರಿಯ ಸರದಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಆ ನೀರನ್ನು ತಿಳಿಗೊಳಿಸಿ, ಸೋಸಿ, ಕ್ಲೋರಿನ್ ಕೊಟ್ಟು, ಅಲ್ಲಿಂದ ಹಾರೋಹಳ್ಳಿ, ಹಾರೋಹಳ್ಳಿಯಿಂದ ತಾತಗುಣಿ ಅಂತ ಮೂರು ಕಡೆ ಪಂಪು ಹಚ್ಚಿ, ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. ನದಿ ಇಳಿಯುವುದು ನಿಸರ್ಗ, ಏರುವುದು ಬೆಂಗಳೂರು. ಜಲಮಂಡಳಿಯ ಖರ್ಚಿನಲ್ಲಿ ಕರೆಂಟ್ ಬಿಲ್ಲೇ ದೊಡ್ಡ ಪಾಲು ನುಂಗುವುದು ಇದಕ್ಕೇ. ಸಾಲದ್ದಕ್ಕೆ 2024ರ ಅಕ್ಟೋಬರ್ 16ರಂದು ಐದನೇ ಹಂತವೂ ಉದ್ಘಾಟನೆಯಾಯಿತು. ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್.

ಇಷ್ಟು ರಾಜಮರ್ಯಾದೆಯಲ್ಲಿ ಊರು ತಲುಪಿದ ನೀರು ಮಾನ ಕಳೆದುಕೊಳ್ಳುವುದು ಕೊನೆಯ ನೂರಡಿಯಲ್ಲಿ.

ಬಹಳಷ್ಟು ಬಡಾವಣೆಗಳಿಗೆ ನೀರು ಬಿಡುವುದು ದಿನ ಬಿಟ್ಟು ದಿನ, ಅದೂ ಕೆಲವು ಗಂಟೆ. ವಾಲ್ವ್‌ಮನ್ ಬಂದು ಕೀಲಿ ತಿರುಗಿಸಿ ಹೋದ ಮೇಲೆ ಪೈಪು ಖಾಲಿ. ತುಂಬಿದ ಪೈಪಿನಲ್ಲಿ ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆ. ಪೈಪು ಖಾಲಿಯಾದಾಗ ಅದೇ ಬಿರುಕಿನಿಂದ ಹೊರಗಿದ್ದದ್ದು ಒಳಕ್ಕೆ ಬರುತ್ತದೆ. ಹೊರಗೆ ಏನಿದೆ? ಪಕ್ಕದಲ್ಲೇ ಒಳಚರಂಡಿಯ ಪೈಪು, ಅದಕ್ಕೂ ಬಿರುಕು. ಎರಡೂ ಒಂದೇ ರಸ್ತೆಯ ಕೆಳಗೆ, ಒಂದೇ ಮಣ್ಣಿನಲ್ಲಿ, ಎಷ್ಟೋ ವರ್ಷದಿಂದ ಅನ್ಯೋನ್ಯವಾಗಿ ಮಲಗಿವೆ. ಆಗಾಗ ಕೇಬಲ್ ಹಾಕುವವರು ರಸ್ತೆ ಅಗೆದು ಇಬ್ಬರನ್ನೂ ಇನ್ನಷ್ಟು ಹತ್ತಿರ ತರುತ್ತಾರೆ. ಸಾಲದು ಅಂತ, ನೀರು ನಿಧಾನ ಬರುತ್ತದೆಂದು ಕೆಲವರು ಲೈನಿಗೇ ಮೋಟರ್ ಸಿಕ್ಕಿಸಿ ಎಳೆಯುತ್ತಾರೆ. ಕಾನೂನಿಗೆ ವಿರುದ್ಧ, ಆದರೆ ಮೋಟರಿಗೆ ಕಾನೂನು ಗೊತ್ತಿಲ್ಲ. ಅದು ಎಳೆಯುವಾಗ ಇದು ಕಾವೇರಿ, ಇದು ಮೋರಿ ಅಂತ ಆರಿಸುವುದೂ ಇಲ್ಲ.

ಇದೆಲ್ಲ ಗೃಹಿಣಿಯರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ‘ಮೊದಲ ಎರಡು ಬಕೆಟ್ ಕುಡಿಯೋಕೆ ಹಿಡೀಬೇಡ ಕಣೇ, ಗಿಡಕ್ಕೆ ಹಾಕು’ ಅನ್ನುವುದು ಅತ್ತೆ ಸೊಸೆಗೆ ದಾಟಿಸುವ ಜ್ಞಾನ. ಆದರೆ 2024ರ ಬೇಸಿಗೆಯಲ್ಲಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶವಾಯಿತು. ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ. ಆದೇಶವೇನೋ ಸರಿಯೇ, ಬರಗಾಲದಲ್ಲಿ ಕಾರಿಗೆ ಅಭಿಷೇಕ ಯಾಕೆ? ತೊಂದರೆ ಆದದ್ದು ಆ ಎರಡು ಬಕೆಟ್ಟಿಗೆ. ಕುಡಿದರೆ ಆಸ್ಪತ್ರೆ, ದಾಸವಾಳಕ್ಕೆ ಹಾಕಿದರೆ ದಂಡ.

ಇನ್ನು ಸಂಪು. ಬೆಂಗಳೂರಿನ ಮನೆಗಳ ಗೇಟಿನ ಒಳಗೆ, ಕಾರಿನ ಹೊಟ್ಟೆಯ ಕೆಳಗೆ, ತುಕ್ಕು ಹಿಡಿದ ಕಬ್ಬಿಣದ ಮುಚ್ಚಳವೊಂದಿರುತ್ತದೆ. ಅದರ ಮೇಲೆ ಬೆಳಗ್ಗೆ ರಂಗೋಲಿ, ಮಧ್ಯಾಹ್ನ ಚಪ್ಪಲಿ, ರಾತ್ರಿ ಎಂಜಿನ್ ಆಯಿಲ್ಲಿನ ಹನಿ. ಮುಚ್ಚಳದ ಕಿವಿಗೆ ಸರಳು ಸಿಕ್ಕಿಸಿ ಎತ್ತಿದರೆ ಮೊದಲು ಜಿರಲೆಗಳ ಒಂದು ನಿಯೋಗ ಹೊರಬರುತ್ತದೆ, ಆಮೇಲೆ ಒಂದು ಬಗೆಯ ತಣ್ಣನೆಯ ಮುಗ್ಗಲು ವಾಸನೆ. ಒಳಗೆ ಟಾರ್ಚ್ ಬಿಟ್ಟರೆ ಗೋಡೆಗೆ ನೀರಿನ ಗೆರೆಗಳು, ತಳದಲ್ಲಿ ನಯವಾದ ಕೆಸರು, ಕೆಸರಿನಲ್ಲಿ ಯಾರೋ ಬೀಳಿಸಿಕೊಂಡು ಹೇಳದೇ ಹೋದ ಒಂದು ಪ್ಲಾಸ್ಟಿಕ್ ಮಗ್ಗು. ಇಲ್ಲಿಗೆ ಬಂದು ಸೇರುತ್ತದೆ ನೂರು ಕಿಲೋಮೀಟರಿನ ಕಾವೇರಿ. ಅವಳ ಜೊತೆಗೆ ಸಾವಿರ ಅಡಿ ಬೋರ್‌ವೆಲ್ಲಿನ ಗಡಸು ನೀರು. ಅವೆರಡೂ ಸಾಲದಾದಾಗ ಎಲ್ಲಿಂದ ತುಂಬಿಸಿದ್ದು ಅಂತ ಕೇಳಬಾರದಂಥ ಟ್ಯಾಂಕರ್ ನೀರು. ಕೇಳಿದರೆ ಡ್ರೈವರ್ ‘ಕಾವೇರಿನೇ ಸಾರ್’ ಅನ್ನುತ್ತಾನೆ. ಬೆಂಗಳೂರಿನ ಟ್ಯಾಂಕರ್‌ಗಳೆಲ್ಲ ಕಾವೇರಿಯೇ. ತಲಕಾವೇರಿಯಲ್ಲಿ ಉದ್ಭವವಾಗುವುದು ವರ್ಷಕ್ಕೊಮ್ಮೆ. ಇಲ್ಲಿ ಫೋನ್ ಮಾಡಿದರೆ ಸಾಕು.

ಬಿಲ್ಲಿನ ಮೀಟರಿನವರೆಗೆ ಬಂದ ನೀರು ಸರ್ಕಾರದ್ದು, ದಾಟಿದ ಮೇಲೆ ನಿಮ್ಮದು. ಹೊಟ್ಟೆ ಕೆಟ್ಟರೆ ಒಂದು ಕಡೆಯವರು ‘ನಾವು ಕಳಿಸುವಾಗ ಚೆನ್ನಾಗಿತ್ತು’ ಅನ್ನುತ್ತಾರೆ. ನಿಜವೇ ಇರಬಹುದು. ಇನ್ನೊಂದು ಕಡೆಯವರು ‘ನಮ್ಮ ಸಂಪು ಚೆನ್ನಾಗಿದೆ’ ಅನ್ನುತ್ತಾರೆ. ಅದನ್ನು ನಿಜವೋ ಸುಳ್ಳೋ ಅಂತ ಹೇಳಲು ಯಾರೂ ಮುಚ್ಚಳ ಎತ್ತಿಲ್ಲ.

ನಡುವೆ ಒಂದು ಪಾಪದ ಪ್ರಾಣಿ ಇದೆ, ಅದು ಕ್ಲೋರಿನ್. ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂನಷ್ಟಾದರೂ ಅದು ಉಳಿದಿರಬೇಕು ಅನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500. ದಾರಿಯಲ್ಲಿ ಸೇರಿದ ಕ್ರಿಮಿಯನ್ನು ಹೊಡೆಯಲು ಇಟ್ಟ ಕಾವಲುಗಾರ ಅದು. ಅದರ ವಾಸನೆ ಒಂಚೂರು ಬಂದರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ದಂಗೆ: ‘ಇವತ್ತು ನೀರಲ್ಲಿ ಬ್ಲೀಚಿಂಗ್ ಸ್ಮೆಲ್ಲು, ಯಾರೂ ಕುಡೀಬೇಡಿ!’ ವಾಸನೆ ಬರದ ದಿನ ಯಾರೂ ದೂರುವುದಿಲ್ಲ. ಹೆದರಬೇಕಾದದ್ದು ಅವತ್ತು.

ಗ್ರೂಪಿನ ಹೆದರಿಕೆಯ ವಾಸನೆ ಹಿಡಿದು ಬರುವವನೇ ಫಿಲ್ಟರ್ ಮಾರುವ ಹುಡುಗ. ಟೈ ಕಟ್ಟಿರುತ್ತಾನೆ, ಪಾಪ, ಏಪ್ರಿಲ್ ಬಿಸಿಲಿನಲ್ಲಿ. ನಮ್ಮ ಬೀದಿಗೆ ಬಂದವನು ಎದುರುಮನೆಯ ಅಜ್ಜಿಯ ಜಗಲಿಯಲ್ಲಿ ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅವನೇ ತಂದ ಆರ್‌ಒ ನೀರು, ಅಂದರೆ ಲವಣವನ್ನೂ ಸೋಸಿ ತೆಗೆಯುವ ಫಿಲ್ಟರಿನ ನೀರು. ಎರಡಕ್ಕೂ ಲೋಹದ ಕಡ್ಡಿಗಳಿದ್ದ ಯಂತ್ರ ಇಳಿಬಿಟ್ಟು ಸ್ವಿಚ್ ಒತ್ತಿದ. ನೋಡನೋಡುತ್ತಿದ್ದಂತೆ ನಲ್ಲಿ ನೀರು ಕಂದು ತಿರುಗಿ, ಹಸಿರು ಕಪ್ಪಿನ ಚಿಂದಿಗಳು ತೇಲತೊಡಗಿದವು. ಆರ್‌ಒ ನೀರು ಮಾತ್ರ ಹಾಗೇ ಇತ್ತು.

‘ನೋಡಿ ಅಮ್ಮ, ಇಷ್ಟು ದಿನ ಇದನ್ನ ಕುಡೀತಿದ್ರಿ.’

ಅಜ್ಜಿ ಮಾತಾಡದೆ ಒಳಗೆ ಹೋದರು. ಸೊಸೆಯನ್ನು ಕರೆದು ಹಣ ತರಿಸುತ್ತಾರೆ ಅಂತ ಹುಡುಗ ರಸೀದಿ ಪುಸ್ತಕ ತೆಗೆದ. ಅಜ್ಜಿ ಬಂದವರು ಬೆರಳ ತುದಿಯಲ್ಲಿ ಹಿಡಿದಿದ್ದ ಒಂದು ಚಿಟಿಕೆ ಉಪ್ಪನ್ನು ಅವನ ಆರ್‌ಒ ಲೋಟಕ್ಕೆ ಉದುರಿಸಿ, ‘ಈಗ ಹಾಕಪ್ಪ ಸ್ವಿಚ್ಚು’ ಅಂದರು. ಹಾಕಿದ. ಆ ಲೋಟವೂ ಕಂದು, ಅದರಲ್ಲೂ ಚಿಂದಿ. ಬಣ್ಣ ಬಿಟ್ಟಿದ್ದು ನೀರಲ್ಲ, ಸವೆಯುತ್ತಿದ್ದ ಕಡ್ಡಿಯ ಕಬ್ಬಿಣ. ಉಪ್ಪಿದ್ದರೆ ಕರೆಂಟ್ ಹರಿಯುತ್ತದೆ, ಕಡ್ಡಿ ಕರಗುತ್ತದೆ, ಉಪ್ಪಿಲ್ಲದಿದ್ದರೆ ಇಲ್ಲ. ‘ನಮ್ಮ ಉಪ್ಪೂ ಕೊಳಕೇನಪ್ಪ?’ ಅಂದರು ಅಜ್ಜಿ. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟು ರಿಟೈರಾದವರು. ಆ ಸಂಗತಿ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಅಜ್ಜಿ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಅವನು ಅದಕ್ಕೆ ಪೆನ್ನು ಅದ್ದಲಿಲ್ಲ.

ಅಜ್ಜಿಯ ಮನೆ ಬಿಟ್ಟು ಬೀದಿಯ ಉಳಿದ ಮನೆಗಳಲ್ಲಿ ಅವನಿಗೆ ಒಳ್ಳೆಯ ವ್ಯಾಪಾರವಾಯಿತು ಅಂತ ಕೇಳಿದೆ. ಕಾವೇರಿ ನೀರಿನ ಲವಣಾಂಶ ಸಾಮಾನ್ಯವಾಗಿ 500ರ ಕೆಳಗೇ. ಮಾನಕ ಹೇಳುವ ಗೆರೆಯೂ ಅದೇ 500. ಬೇರೆ ನೀರೇ ಇಲ್ಲದ ಕಡೆ 2,000ದವರೆಗೂ ನಡೆಯುತ್ತದೆ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನೇ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶನ ಕೊಟ್ಟಿತ್ತು. ಮಾಮೂಲಿ ಆರ್‌ಒ ಒಂದು ಲೀಟರ್ ಕೊಡಲು ಮೂರು ಲೀಟರಿನ ಹತ್ತಿರ ಹತ್ತಿರ ಚೆಲ್ಲುತ್ತದೆ. ಅಂದರೆ ಮೂರು ಪಂಪು ಸೇರಿ ಬೆಟ್ಟ ಹತ್ತಿಸಿದ ನದಿಯ ಮುಕ್ಕಾಲು ಪಾಲನ್ನು ಸಿಂಕಿನ ಕೆಳಗಿನ ಸಣ್ಣ ಪೈಪಿನಿಂದ ಮೋರಿಗೆ ಬಿಟ್ಟು, ಉಳಿದ ಕಾಲು ಪಾಲನ್ನು ನಾವು ಕುಡಿಯುತ್ತೇವೆ. ಕಾರು ತೊಳೆದರೆ 5,000 ದಂಡ, ನೀರನ್ನೇ ತೊಳೆದರೆ ಇಎಂಐ. ಖನಿಜವೆಲ್ಲ ಹೋಗಿ ನೀರು ಸಪ್ಪೆಯಾಯಿತು ಅಂದರೆ ಅದಕ್ಕೂ ಪರಿಹಾರವುಂಟು: ಖನಿಜ ವಾಪಸ್ ಸೇರಿಸುವ ಕಾರ್ಟ್ರಿಡ್ಜ್ ಬೇರೆ, ತಾಮ್ರದ ಕಾರ್ಟ್ರಿಡ್ಜ್ ಬೇರೆ. ತಮ್ಮ ಅಜ್ಜಿಯ ಕಾಲದ ತಾಮ್ರದ ಬಿಂದಿಗೆಯನ್ನು ಗುಜರಿಗೆ ಹಾಕಿದ ಮನೆಯವರೇ ಅದನ್ನು ಕೊಂಡಿದ್ದಾರೆ.

ಕೊತಕೊತ ಕುದಿಸಿದರೆ ಕ್ರಿಮಿಗಳ ಕತೆ ಮುಗಿಯುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯವರೂ ಹೇಳುವ ಮಾತು. ಆದರೆ ಕುದಿಸಿದ ನೀರಿಗೆ ಮಾರಾಟದ ಹುಡುಗರಿಲ್ಲ. ಮೇಲಾಗಿ ಕುದಿಸಿದರೆ ಪೆನ್ನಿನ ಅಂಕಿ ಅಲ್ಲಲ್ಲೇ ನಿಲ್ಲುತ್ತದೆ. ಗ್ರೂಪಿನಲ್ಲಿ ಫೋಟೊ ಹಾಕಲು ಏನೂ ಇರುವುದಿಲ್ಲ.

ಆರ್‌ಒ ಇಲ್ಲದವರಿಗೆ ಕ್ಯಾನ್ ಇದೆ. ಇಪ್ಪತ್ತು ಲೀಟರಿನ ನೀಲಿ ಕ್ಯಾನ್, ಗೀಚಿ ಗೀಚಿ ಬೆಳ್ಳಗಾದದ್ದು. ಮುಚ್ಚಳದಲ್ಲಿ ಐಎಸ್‌ಐ ಗುರುತಿದೆಯೋ, ಅದರ ಹತ್ತಿರ ಪ್ಯಾಕ್ ಮಾಡಿದ ಕುಡಿಯುವ ನೀರಿನ ಮಾನಕವಾದ ಐಎಸ್ 14543 ಅಂತ ಬರೆದಿದೆಯೋ ನೋಡುವವರು ಎಷ್ಟು ಜನ? ‘ಟಿಡಿಎಸ್ ಎಷ್ಟು’ ಅಂದರೆ ಮಾತ್ರ ಕ್ಯಾನ್ ಹುಡುಗ ‘ನಲವತ್ತು ಅಣ್ಣ’ ಅಂತ ಥಟ್ಟನೆ ಹೇಳುತ್ತಾನೆ. ಕೈ ತೊಳೆದಿದ್ದೀಯಾ ಅಂತ ಕೇಳಿದರೆ ಅವನಿಗೆ ಅವಮಾನವಾಗುತ್ತದೆ.

ಮೊನ್ನೆ ನಮ್ಮ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ಅಜ್ಜಿಯನ್ನು ಸಭೆಗೆ ಕರೆದಿದ್ದರು. ನಾನೂ ಕಾಫಿಯ ಆಸೆಗೆ ಹಿಂದೆ ಹೋಗಿದ್ದೆ. ಮಕ್ಕಳಿಗೆ ಸಾಲಾಗಿ ವಾಂತಿ ಭೇದಿ ಶುರುವಾಗಿತ್ತು. ಸೆಕ್ರೆಟರಿ ಸಾಹೇಬರು ಪೆನ್ನು ಅದ್ದಿ ‘ಟೂ ಟ್ವೆಂಟಿ, ಎಕ್ಸಲೆಂಟ್ ವಾಟರ್’ ಅಂತ ಘೋಷಿಸಿ ಕೂತರು. ಅಜ್ಜಿ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಹಳ್ಳಿಯ ನೀರಿನ ಸಮಿತಿಗಳೂ ಬಳಸುವ ಎಚ್‌ಟುಎಸ್ ಬಾಟಲಿ: ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗೆ ಇಟ್ಟರೆ, ಮಲದ ಕ್ರಿಮಿಗಳಿದ್ದರೆ ಸಾಮಾನ್ಯವಾಗಿ ಕಪ್ಪಾಗುತ್ತದೆ. ಇದು ಹಿಂದಿನ ವಾರ ಅದೇ ಕಟ್ಟಡದ ಸಂಪಿನಿಂದ ತುಂಬಿಸಿದ್ದು. ಇದ್ದಿಲಿನ ಹಾಗೆ ಕಪ್ಪಾಗಿತ್ತು.

ಸಭೆ ಸ್ತಬ್ಧವಾಯಿತು. ಆಮೇಲೆ ಮೂರನೇ ಮಹಡಿಯ ಟೆಕ್ಕಿಯೊಬ್ಬರು ಗಂಟಲು ಸರಿಮಾಡಿಕೊಂಡು, ‘ಆಂಟಿ, ಈ ಬಾಟಲಿಯ ಟಿಡಿಎಸ್ ಎಷ್ಟಿದೆ?’ ಅಂದರು.

ಚರ್ಚೆ ಒಂದೂವರೆ ಗಂಟೆ ನಡೆಯಿತು. ಈಗಿನ ಪೆನ್ನು ಹಳೆಯದಾಗಿದ್ದರಿಂದ ಬ್ಲೂಟೂತ್ ಇರುವ ಹೊಸ ಪೆನ್ನು ತರಿಸುವುದು, ಅಂಕಿಯನ್ನು ದಿನವೂ ಬೆಳಗ್ಗೆ ಲಿಫ್ಟಿನಲ್ಲಿ ಅಂಟಿಸುವುದು, ಖರ್ಚನ್ನು ಮೇಂಟೆನೆನ್ಸ್‌ಗೆ ಸೇರಿಸುವುದು ಅಂತ ಸರ್ವಾನುಮತದಿಂದ ತೀರ್ಮಾನವಾಯಿತು. ಕಾಫಿ ಬಂತು. ಅಜ್ಜಿ ಲೋಟ ಹಿಡಿದುಕೊಂಡು, ‘ಸಂಪು ತೊಳೆಸೋ ವಿಷಯ?’ ಅಂತ ಕೇಳಿದರು.

‘ಅದು ಅಜೆಂಡಾದಲ್ಲಿ ಇರಲಿಲ್ಲ ಮೇಡಂ,’ ಅಂದರು ಸೆಕ್ರೆಟರಿ. ‘ಮುಚ್ಚಳದ ಮೇಲೆ ಪ್ರೆಸಿಡೆಂಟ್ ಸಾಹೇಬ್ರ ಕಾರು ನಿಂತಿರುತ್ತಲ್ಲ.’