ಅವರನ್ನೇ ಕೇಳಿ

ಮೆಜೆಸ್ಟಿಕ್‌ನಲ್ಲಿ ಮೆಜೆಸ್ಟಿಕ್ ಟಾಕೀಸ್ ಇಲ್ಲ. ಟಾಕೀಸ್ ಹೋಯಿತು, ಹೆಸರು ಉಳಿಯಿತು. ಬಸ್ ಸ್ಟ್ಯಾಂಡ್ ಇರುವ ಜಾಗದಲ್ಲಿ ಮೊದಲು ಧರ್ಮಾಂಬುಧಿ ಕೆರೆ ಇತ್ತು. ನಮ್ಮೂರಿನ ಸಾಫ್ಟ್‌ವೇರ್‌ಗಳ ರೀಡ್‌ಮೀ ಫೈಲೂ, ಅಂದರೆ ಹೊಸಬರಿಗೆ ದಾರಿ ತೋರಿಸುವ ಕೈಪಿಡಿಯೂ, ಹಾಗೇ. ಬಸ್ಸು ಓಡಾಡಲು ಶುರುವಾಗಿ ಎಷ್ಟೋ ಕಾಲವಾದರೂ ಅದರಲ್ಲಿ ಇನ್ನೂ ಕೆರೆಯೇ ಇರುತ್ತದೆ, ಬರುವಾಗ ದೋಣಿ ತನ್ನಿ ಅಂತಲೂ ಬರೆದಿರುತ್ತದೆ.

ಹೊಸ ಪ್ರಾಜೆಕ್ಟಿಗೆ ಸೇರಿದ ದಿನ ರೀಡ್‌ಮೀ ತೆರೆದೆ. ಮೊದಲನೇದು, ಪೈಥಾನ್ 2 ಹಾಕಿಕೊಳ್ಳಿ. ಪ್ರೋಗ್ರಾಮಿಂಗ್ ಭಾಷೆಯ ಆ ಹಳೇ ಆವೃತ್ತಿಗೆ 2020ರ ಜನವರಿ 1ಕ್ಕೇ ಎಳ್ಳುನೀರು ಬಿಟ್ಟಾಗಿದೆ. ಎರಡನೇದು, ಕಾನ್ಫಿಗ್ ಫೈಲನ್ನು ಸರಿಯಾಗಿ ತುಂಬಿ. ಮೂರನೇದರಲ್ಲಿ 'ಟುಡೂ', ಅಂದರೆ 'ಇನ್ನೂ ಮಾಡಬೇಕು', ಅಂತಷ್ಟೇ ಇತ್ತು.

ಕೋಡ್ ಒಳಗೆ ವಿವರಣೆಯ ಕಾಮೆಂಟ್ ಇಲ್ಲ ಅನ್ನಬೇಡಿ, ಜಾಸ್ತೀನೇ ಇದೆ. ಕೌಂಟ್‌ಗೆ ಒಂದು ಕೂಡಿಸುವ ಸಾಲಿನ ಮೇಲೆ 'ಕೌಂಟ್‌ಗೆ ಒಂದು ಕೂಡಿಸು' ಅಂತ ಒಂದನೇ ಕ್ಲಾಸಿನ ಮೇಷ್ಟ್ರ ಥರ ಬರೆದಿದ್ದಾರೆ. ಅದೇ ಫೈಲಿನ ಕೆಳಗೆ, ಪೇಮೆಂಟ್ ಆದಮೇಲೆ ಸುಮ್ನೆ 37 ಸೆಕೆಂಡ್ ಕಾಯುವ ಒಂದು ಸಾಲಿದೆ. ಯಾಕೆ 37? ಅದರ ಮೇಲೆ ಇರುವುದು ಒಂದೇ ಮಾತು: 'ಮುಟ್ಟಬೇಡಿ'. ಟ್ರಾನ್ಸ್‌ಫಾರ್ಮರ್‌ಗೆ ನೇತುಹಾಕಿದ ತಲೆಬುರುಡೆ ಬೋರ್ಡಾದರೂ ಎಷ್ಟು ವೋಲ್ಟ್ ಅಂತ ಹೇಳುತ್ತದೆ. ಯಾವ ಸಾಲನ್ನು ಯಾರು ಬರೆದರು ಅಂತ ತೋರಿಸುವ ಗಿಟ್ ಬ್ಲೇಮ್ ಹಾಕಿ ನೋಡಿದೆ. ಬದಲಾವಣೆಯ ಜೊತೆ ಬರೆದಿಟ್ಟ ಕಮಿಟ್ ಮೆಸೇಜು 'ಫಿಕ್ಸ್'. ಅದರ ಮುಂದಿನದು 'ಫೈನಲ್ ಫಿಕ್ಸ್'. ಅದರ ಮುಂದಿನದು 'ಫೈನಲ್ ಫಿಕ್ಸ್ 2'.

ಪ್ರೋಗ್ರಾಂ ಬರೆಯುವುದು ಮನುಷ್ಯರು ಓದಲಿ ಅಂತ, ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1984ರಲ್ಲೇ ಹೀಗೆ ವಾದಿಸಿದ್ದರು ಅಂತ ಟೀಮ್ ಲೀಡ್‌ಗೆ ಹೇಳಿ ನೋಡಿದೆ. "ಅವರಿಗೆ ಸ್ಪ್ರಿಂಟ್ ಡೆಡ್‌ಲೈನ್ ಇರಲಿಲ್ಲ ಬಿಡ್ರೀ. ಕೋಡೇ ಡಾಕ್ಯುಮೆಂಟು. ಗೊತ್ತಾಗದಿದ್ದರೆ ಅವರನ್ನೇ ಕೇಳಿ" ಅಂದರು. ಅವರು ಅಂದರೆ ಕಿಟಕಿ ಪಕ್ಕದ ಸೀನಿಯರ್. ನೋಟಿಸ್ ಪೀರಿಯಡ್‌ನಲ್ಲಿದ್ದರು.

ಅವರ ಕೊನೇ ದಿನ ಕೆಟಿ, ಅಂದರೆ ತಮಗೆ ಗೊತ್ತಿರುವುದನ್ನು ನಮಗೆ ದಾಟಿಸುವ ಮೀಟಿಂಗು, ಆಯಿತು. ಎರಡು ಗಂಟೆ ರೆಕಾರ್ಡಿಂಗ್‌ನಲ್ಲಿ ಮೊದಲ ಕಾಲು ಗಂಟೆ "ಸ್ಕ್ರೀನ್ ಕಾಣಿಸ್ತಿದೆಯಾ?", ಉಳಿದದ್ದು "ಇದು ನಿಮಗೆ ಗೊತ್ತೇ ಇರುತ್ತೆ". 37ರ ಹತ್ತಿರ ಬಂದಾಗ ಫೇರ್‌ವೆಲ್ ಕೇಕ್ ಬಂತು. "ಆಮೇಲೆ ಹೇಳ್ತೀನಿ" ಅಂದರು.

ಹೇಳಿದರು ಕೂಡ, ಎರಡು ತಿಂಗಳಾದ ಮೇಲೆ, ಫೋನಿನಲ್ಲಿ. ಆಗ ಬ್ಯಾಂಕಿನ ಕಡೆ ಒಂದು ನಿಧಾನದ ಸರ್ವರ್ ಇತ್ತಂತೆ, ಈಗ ಅದೇ ಇಲ್ಲವಂತೆ. ತಕ್ಷಣ ಬರೆದಿಡೋಣ ಅಂತ ಫೈಲ್ ತೆರೆದೆ. ಅದು ಲೇಆಫ್ ಮಾತು ಎದ್ದಿದ್ದ ವಾರ. ಇಡೀ ಆಫೀಸಿನಲ್ಲಿ 37ರ ಗುಟ್ಟು ಗೊತ್ತಿರುವುದು ನನಗೊಬ್ಬನಿಗೇ, ಅಲ್ವಾ? ಫೈಲ್ ಮುಚ್ಚಿದೆ.

ನಿನ್ನೆ ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. "ಸಾರ್, ಈ 37 ಯಾಕೆ?"

"ಆಮೇಲೆ ಹೇಳ್ತೀನಮ್ಮ" ಅಂದೆ.