ಪ್ರೀಮಿಯಂ ನನ್ನದು, ಪಾಲಿಸಿ ಯಾರದೋ

ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಮೊಬೈಲ್‌ಗೆ ಸಂದೇಶ ಬಂತು. ಕ್ಯಾಶ್ ಕ್ರೆಡಿಟ್ ಖಾತೆಯಿಂದ, ಅಂದರೆ ದಾಸ್ತಾನಿನ ಮೇಲೆ ಬ್ಯಾಂಕು ಕೊಟ್ಟ ಸಾಲದ ಖಾತೆಯಿಂದ, 41,300 ರೂಪಾಯಿ ಕಡಿತ. ಮೂವತ್ತೈದು ಸಾವಿರ ವಿಮಾ ಪ್ರೀಮಿಯಂ, ಅದರ ಮೇಲೆ ಶೇ 18 ಜಿಎಸ್‌ಟಿ. ಕೇಳಿದವರಿಲ್ಲ, ಹೇಳಿದವರಿಲ್ಲ. ಕಾರ್ಖಾನೆಯ ಸರಕಿಗೆ ಇಷ್ಟು ವರ್ಷ ಬ್ಯಾಂಕೇ ಮಾಡಿಸುತ್ತಿದ್ದ ವಿಮೆಯನ್ನು ಈ ವರ್ಷ ನಾನು ಬೇರೆ ಕಡೆ ಮಾಡಿಸಿ ಹದಿನೇಳು ದಿನವಾಗಿದೆ. ಅದರ ಪ್ರತಿಯನ್ನು ಬ್ಯಾಂಕಿಗೆ ನಾನೇ ಕೊಂಡೊಯ್ದು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಆ ಮೊಹರಿನ ಶಾಯಿ ಆರುವ ಮೊದಲೇ ನನ್ನ ಖಾತೆಗೆ ಕೈ ಹಾಕಿದ್ದಾರೆ. ಒಂದೇ ಸರಕಿಗೆ ಎರಡು ಪಾಲಿಸಿ ಇದ್ದರೆ ಪರಿಹಾರ ಎರಡು ಪಟ್ಟು ಸಿಗುತ್ತದೆಯೇ? ಇಲ್ಲ. ಎರಡೂ ಕಂಪನಿಗಳು ಅದೇ ನಷ್ಟವನ್ನು ಪಾಲು ಹಾಕಿಕೊಳ್ಳುತ್ತವೆ. ಪ್ರೀಮಿಯಂ ಮಾತ್ರ ಎರಡು ಪಟ್ಟು.

ನಮ್ಮದು ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ. ಹನ್ನೊಂದು ಜನ ಕೆಲಸಗಾರರು, ಎರಡು ಯಂತ್ರ, ಒಂದು ಶೆಡ್. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ರಸ್ತೆಯ ಮೋರಿ ಉಕ್ಕಿ ನೀರು ಒಳಗೆ ಬಂತು. ಮೊಣಕಾಲಿನವರೆಗೂ ಬರಲಿಲ್ಲ, ಗೇಣುದ್ದ ಅಷ್ಟೇ. ಆದರೆ ಕಾಗದದ ರೀಲ್‌ಗೆ ಗೇಣುದ್ದ ನೀರು ಸಾಕು. ನೆಟ್ಟಗೆ ನಿಲ್ಲಿಸಿದ ರೀಲ್ ಬುಡದಿಂದ ನೀರು ಹೀರುತ್ತಾ ಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಅರ್ಧ ಟನ್ ತೂಗುವ ರೀಲ್‌ಗಳು ಕೊಳೆತ ಬಾಳೆದಿಂಡಿನ ಹಾಗೆ ಪದರ ಪದರವಾಗಿ ಬಿರಿದು ನಿಂತಿದ್ದವು. ಮುಟ್ಟಿದರೆ ಕೈಗೆ ಗಂಜಿ ಅಂಟುತ್ತಿತ್ತು. ಹೆಂಡತಿ ಅಳಲು ಶುರು ಮಾಡಿದಳು. ನಾನು ಬಹಳ ಧೈರ್ಯಸ್ಥನ ಹಾಗೆ, "ಅಳಬೇಡ, ಇನ್ಶೂರೆನ್ಸ್ ಇದೆ" ಎಂದೆ. ಆ ಮಾತನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ನಷ್ಟ ಅಳೆಯಲು ವಿಮಾ ಕಂಪನಿಯ ಕಡೆಯಿಂದ ಸರ್ವೇಯರ್ ಬಂದರು. ಸಭ್ಯ ಮನುಷ್ಯ. ಫೋಟೊ ತೆಗೆದರು, ಲೆಕ್ಕ ಹಾಕಿದರು, ನಷ್ಟ 9 ಲಕ್ಷದ 25 ಸಾವಿರ ಎಂದು ಒಪ್ಪಿಕೊಂಡರು. ಆಮೇಲೆ ಆ ದಿನ ಶೆಡ್ಡಿನಲ್ಲಿದ್ದ ಒಟ್ಟು ದಾಸ್ತಾನು ಎಷ್ಟು ಎಂದು ಕೇಳಿದರು. 74 ಲಕ್ಷ. ಪಾಲಿಸಿಯಲ್ಲಿ ದಾಸ್ತಾನಿಗೆ ಬರೆದದ್ದು 40 ಲಕ್ಷ. "ಹಾಗಾದರೆ ನಷ್ಟದಲ್ಲೂ ಎಪ್ಪತ್ತನಾಲ್ಕಕ್ಕೆ ನಲವತ್ತರ ಪಾಲೇ ಸಾರ್" ಎಂದರು. 5 ಲಕ್ಷ. ಉಳಿದ 4 ಲಕ್ಷದ 25 ಸಾವಿರವನ್ನು ನನ್ನ ತಲೆಗೆ ಕಟ್ಟಿದರು. ಸರಕಿನ ಪೂರ್ತಿ ಬೆಲೆಗೆ ವಿಮೆ ಮಾಡಿಸದಿದ್ದರೆ ಉಳಿದ ಭಾಗಕ್ಕೆ ನೀನೇ ವಿಮಾದಾರ ಎಂಬುದು ನಿಯಮವಂತೆ. 2021ರ ಏಪ್ರಿಲ್ 1ರಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಗೆ ಮಾಫಿ ಇದೆ. ಅಂದರೆ 63 ಲಕ್ಷಕ್ಕೆ ಮಾಡಿಸಿದ್ದರೂ ನಾನು ಪಾರಾಗುತ್ತಿದ್ದೆ.

ನಲವತ್ತು ಎಲ್ಲಿಂದ ಬಂತು? ಬ್ಯಾಂಕು ನನಗೆ ಕೊಟ್ಟ ಸಾಲದ ಮಿತಿ ನಲವತ್ತು. ತನ್ನ ಸಾಲ ಮುಳುಗದಿದ್ದರೆ ಸಾಕು ಎಂದು ಅಷ್ಟಕ್ಕೇ ಪಾಲಿಸಿ ಮಾಡಿಸಿ, ಪ್ರೀಮಿಯಂ ಮಾತ್ರ ನನ್ನಿಂದ ವಸೂಲು ಮಾಡಿದೆ. ಎಪ್ಪತ್ತನಾಲ್ಕು ಎಂದು ಸರ್ವೇಯರ್‌ಗೆ ಗೊತ್ತಾದದ್ದು ಹೇಗೆ? ಅದನ್ನು ಹೇಳಿದರೆ ಹೊಟ್ಟೆ ಉರಿಯುತ್ತದೆ. ಪ್ರತಿ ತಿಂಗಳೂ ನಾನು ಸಹಿ ಮಾಡಿ ಅದೇ ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ನಿಂದ! ಎಂಟು ವರ್ಷ, ತಿಂಗಳು ತಪ್ಪದೆ ಕೊಟ್ಟಿದ್ದೇನೆ. ಎರಡು ದಿನ ತಡವಾದರೆ ಫೋನ್ ಮಾಡಿ ಗದರಿಸುತ್ತಾರೆ, ದಂಡ ಹಾಕುತ್ತೇವೆ ಎನ್ನುತ್ತಾರೆ. ಒಂದು ಮೇಜಿನ ಮೇಲೆ ಎಪ್ಪತ್ತನಾಲ್ಕರ ಕಾಗದ, ಅದರ ಪಕ್ಕದ ಮೇಜಿನ ಮೇಲೆ ನಲವತ್ತರ ಪಾಲಿಸಿ. ನಡುವೆ ನಾಲ್ಕು ಹೆಜ್ಜೆ. ಎಂಟು ವರ್ಷದಲ್ಲಿ ಒಬ್ಬರೂ ಆ ನಾಲ್ಕು ಹೆಜ್ಜೆ ನಡೆಯಲಿಲ್ಲ. ಬಂದ ಪರಿಹಾರವೂ ನೇರವಾಗಿ ಸಾಲದ ಖಾತೆಗೇ ಜಮಾ ಆಯಿತು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಮುಂದೆ, ನಮ್ಮದು ಹಿಂದೆ.

ವಿಮಾ ಕಂಪನಿಯನ್ನು ಬೈಯೋಣವೆಂದರೆ, ಅದು ಪಾಲಿಸಿಯಲ್ಲಿ ಬರೆದ ಹಾಗೆಯೇ ಕೊಟ್ಟಿದೆ. ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಕಿರು ಉದ್ದಿಮೆಗಳ ದೂರನ್ನೂ ಅವರು ತೆಗೆದುಕೊಳ್ಳುತ್ತಾರೆ. ಹೋಗಿ ಏನೆಂದು ಹೇಳಲಿ? ಮಾರಿದವನಿಗೆ ನನ್ನನ್ನು ಮೂರು ಪ್ರಶ್ನೆ ಕೇಳುವ ವ್ಯವಧಾನವಿರಲಿಲ್ಲ ಎಂದೇ?

ಎಂಟು ವರ್ಷವಾದ ಮೇಲೆ ನಾನು ಕಲಿತದ್ದು ಇದು. ಏಜೆಂಟ್ ವಿಮಾ ಕಂಪನಿಯ ಮನುಷ್ಯ. ಬ್ಯಾಂಕೂ ಈ ವ್ಯಾಪಾರದಲ್ಲಿ ಕಾರ್ಪೊರೇಟ್ ಏಜೆಂಟ್, ಅಂದರೆ ಅದೂ ಕಂಪನಿಯ ಕಡೆಯದೇ. 2022ರಿಂದ ಒಂದು ಬ್ಯಾಂಕು ಒಂಬತ್ತು ಸಾಮಾನ್ಯ ವಿಮಾ ಕಂಪನಿಗಳ ಪಾಲಿಸಿಗಳನ್ನು ಮಾರಬಹುದು. ನಮ್ಮ ಮ್ಯಾನೇಜರ್ ನನಗೆ ತೋರಿಸಿದ್ದು ಒಂದನ್ನೇ. ಬ್ರೋಕರ್ ಮಾತ್ರ ಕಾನೂನಿನ ಪ್ರಕಾರ ಗಿರಾಕಿಯ ಕಡೆಯವನು, ಕಮಿಷನ್ ಕೊಡುವುದು ಕಂಪನಿಯೇ ಆದರೂ. ನಮ್ಮೂರ ಅಡಿಕೆ ಮಂಡಿಯ ದಲಾಲಿಯನ್ನು ನಾವು ಎಷ್ಟು ಬೈದರೂ, ಅವನು ನಮ್ಮ ಕಣ್ಣೆದುರೇ ತೂಗಿ, ನಮ್ಮ ಕಣ್ಣೆದುರೇ ತನ್ನ ಪಾಲು ಮುರಿದುಕೊಳ್ಳುತ್ತಾನೆ. ಇಲ್ಲಿ ತಕ್ಕಡಿಯನ್ನೇ ತೋರಿಸುವುದಿಲ್ಲ.

ಸರಿ, ಬ್ರೋಕರ್ ಹುಡುಕೋಣ ಎಂದು ಹೊರಟೆ. ಒಂದು ಜಾಲತಾಣದಲ್ಲಿ ಮೊಬೈಲ್ ನಂಬರ್ ಕೊಟ್ಟದ್ದೇ ತಪ್ಪಾಯಿತು, ಸಂಜೆಯೊಳಗೆ ಹದಿನಾಲ್ಕು ಕರೆ. ಅದರಲ್ಲಿ ಐದು ಜನ ನನ್ನ ಆರೋಗ್ಯ ವಿಚಾರಿಸಿದರು. ದೊಡ್ಡ ಬ್ರೋಕರ್ ಸಂಸ್ಥೆಯೊಂದು ನನ್ನ ಪ್ರೀಮಿಯಂ ಎಷ್ಟೆಂದು ಕೇಳಿಕೊಂಡು, ಮತ್ತೆ ಫೋನ್ ಎತ್ತಲಿಲ್ಲ. ಇನ್ನೊಬ್ಬರು ಬೆಲೆ ತಿಳಿಸುವ ಮೊದಲೇ ಮ್ಯಾಂಡೇಟ್ ಪತ್ರ ಕೇಳಿದರು: ನಮ್ಮ ಲೆಟರ್‌ಹೆಡ್‌ನಲ್ಲಿ, ಇವರೇ ನಮ್ಮ ಬ್ರೋಕರ್ ಎಂದು ಬರೆದುಕೊಡಬೇಕು. ಬರೆದುಕೊಟ್ಟೆ. ಮೂರು ವಾರ ಸದ್ದಿಲ್ಲ. ಬೇರೆಯವರ ಹತ್ತಿರ ಹೋದರೆ, "ನಿಮ್ಮ ಕಾರ್ಖಾನೆಯ ಕೊಟೇಶನ್ ಆಗಲೇ ಅವರ ಹೆಸರಿನಲ್ಲಿ ಹೋಗಿದೆ, ಪತ್ರ ಬದಲಿಸದೆ ಕಂಪನಿಯವರು ನಮಗೆ ಕೊಡುವುದಿಲ್ಲ" ಎಂದರು. ಒಬ್ಬ ಏಜೆಂಟ್ ಗುಟ್ಟಾಗಿ, ತನ್ನ ಕಮಿಷನ್‌ನಲ್ಲಿ ಅರ್ಧ ನನಗೇ ವಾಪಸ್ ಕೊಡುವುದಾಗಿ ಹೇಳಿದ. ಹಾಗೆ ಕೊಡುವುದು ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಅಪರಾಧ, 10 ಲಕ್ಷದವರೆಗೆ ದಂಡವಿದೆ. ಆ ಕಲಮು ಅವನು ಮುಂದಿಟ್ಟ ಅರ್ಜಿಯಲ್ಲೇ ಅಚ್ಚಾಗಿತ್ತು, ಅವನ ಹೆಬ್ಬೆರಳು ಅದರ ಮೇಲೇ ಇತ್ತು.

ಕೊನೆಗೆ ಸಿಕ್ಕವರು ಒಬ್ಬ ಚಿಕ್ಕ ಬ್ರೋಕರ್. ಮೊದಲ ದಿನವೇ ಶೆಡ್ಡಿಗೆ ಬಂದು, ರೀಲ್ ಎಣಿಸಿ, ಹನ್ನೆರಡು ತಿಂಗಳ ದಾಸ್ತಾನಿನ ಲೆಕ್ಕ ಕೇಳಿದರು. ಹೆಚ್ಚೆಂದರೆ ಎಷ್ಟಿರುತ್ತದೆ ಎಂದು ನೋಡಿ 80 ಲಕ್ಷ ಬರೆಸಿದರು. ರೀಲ್‌ಗಳ ಕೆಳಗೆ ಮರದ ಹಲಗೆ ಹಾಕಿಸಿ ಎಂದರು. ಮೂರು ಕಂಪನಿಗಳ ದರ ತಂದು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಒಂದು ಗಂಟೆಯ ಕೆಲಸ. ಬ್ಯಾಂಕು ಎಂಟು ವರ್ಷ ಕಮಿಷನ್ ತಿಂದದ್ದು ಈ ಒಂದು ಗಂಟೆಗಾಗಿ ಅಲ್ಲವೇ?

ಈ ಹೊತ್ತು ಹಣ ಕಡಿತವಾದ ಮೇಲೆ ಬ್ಯಾಂಕಿಗೆ ಹೋದೆ. ಹೊಸದಾಗಿ ಬಂದಿರುವ ಹುಡುಗಿ, ಪಾಪ, ಅವಳದೇನೂ ತಪ್ಪಿಲ್ಲ. "ಸಿಸ್ಟಮ್‌ನಲ್ಲಿ ತಾನಾಗಿಯೇ ನವೀಕರಣವಾಗಿದೆ ಸಾರ್, ರದ್ದಿಗೆ ಅರ್ಜಿ ಕೊಡಿ, ಹಣ ಬರುವುದು ತಡವಾಗಬಹುದು" ಎಂದಳು. ನಾನು ಕೊಟ್ಟಿದ್ದ ಪಾಲಿಸಿಯ ಪ್ರತಿ ಅವಳ ಬೆನ್ನ ಹಿಂದಿನ ಕಡತದಲ್ಲೇ ಇತ್ತು, ಅವಳೇ ತೆಗೆದು ತೋರಿಸಿದಳು. ಅರ್ಜಿ ಬರೆದು, ಇನ್ನೊಂದು ಮೊಹರು ಹಾಕಿಸಿಕೊಂಡು ಬಂದೆ.

ಮಧ್ಯಾಹ್ನ ಅವರ ಹೊಸ ಪಾಲಿಸಿ ಮೇಲ್‌ಗೆ ಬಂತು. ತೆರೆದು ನೋಡಿದೆ. ದಾಸ್ತಾನು: 40 ಲಕ್ಷ.